ಹೇಸರಗತ್ತೆಯ ಬೆನ್ನೇರಿದ ಉಗಿಯಂತ್ರ

ನಾನು ಹುಡುಗನಾಗಿದ್ದಾಗ ನಮ್ಮೂರಿಗೆ ಅಕ್ಕಿ ಗಿರಣಿಯ ಯಂತ್ರ ಬಂದಿತು. ಬಂದಿತು ಎಂದರೆ ಇಡಿಯಾಗಿ ಬಂದಿತೆಂದಲ್ಲ. ರೈಲು ಸ್ಟೇಷನ್ನಿನಿಂದ ನಾಲ್ಕು ಎತ್ತಿನ ಗಾಡಿಗಳಲ್ಲಿ, ಮರದ ಪೆಟ್ಟಿಗೆಗಳೊಳಗೆ, ಒಣಹುಲ್ಲಿನ ನಡುವೆ ಹುದುಗಿಕೊಂಡು ಬಂದಿತು. ಗಿರಣಿಯ ಸಾಹುಕಾರರು ಆ ಪೆಟ್ಟಿಗೆಗಳಿಗೇ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ನೆರೆದವರಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಆಮೇಲೆ ಮೂರು ವಾರ ಆ ಪೆಟ್ಟಿಗೆಗಳು ನಮ್ಮಂಥ ಹುಡುಗರಿಗೆ ಜಗಲಿಯಾದುವೇ ಹೊರತು ಒಂದು ಹಿಡಿ ಬತ್ತವೂ ಅಕ್ಕಿಯಾಗಲಿಲ್ಲ. ಏಕೆಂದರೆ ಫಿಟ್ಟರು ಬಂದಿರಲಿಲ್ಲ. ಕೊನೆಗೆ ಆತ ಬಂದ. ಕಿವಿಯ ಮೇಲೊಂದು ಪೆನ್ಸಿಲು, ಕೈಯಲ್ಲೊಂದು ಉದ್ದನೆಯ ಪಟ್ಟಿ. ಒಂದೊಂದು ತುಂಡನ್ನೂ ಹೊರತೆಗೆದು, ಅದರ ಮೈಮೇಲೆ ಕೊರೆದಿದ್ದ ಅಂಕಿಯನ್ನು ಓದಿ, ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದ. ಎರಡು ಬೋಲ್ಟುಗಳು ಕಾಣೆಯಾಗಿದ್ದುವು. ಸಾಹುಕಾರರ ಮುಖ ಬಾಡಿತು. ಫಿಟ್ಟರು ಮಾತನಾಡದೆ ಎದ್ದು ಕುಲುಮೆಗೆ ಹೋಗಿ, ಕಮ್ಮಾರನ ಪಕ್ಕದಲ್ಲೇ ಕುಳಿತು, ಸಂಜೆಯ ಹೊತ್ತಿಗೆ ಅವನ್ನು ಮಾಡಿಸಿಕೊಂಡು ಬಂದ. ಯಂತ್ರ ಎಂಬುದು ಕಬ್ಬಿಣದ ತುಂಡುಗಳ ಮೊತ್ತ ಮಾತ್ರವಲ್ಲ, ಅದರ ಒಂದು ಪಾಲು ಆ ಪಟ್ಟಿ ಹಿಡಿದವನ ತಲೆಯೊಳಗೆ ಪ್ರಯಾಣ ಮಾಡುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಬಹಳ ಕಾಲದ ಮೇಲೆ ಹೊಳೆಯಿತು.

ಉಗಿಯಂತ್ರದ ಚರಿತ್ರೆಯನ್ನು ಓದುವವರಿಗೆ ಜೇಮ್ಸ್ ವಾಟ್ ಗೊತ್ತು, ಜಾರ್ಜ್ ಸ್ಟೀಫನ್ಸನ್ ಗೊತ್ತು. ಕಲ್ಪಿಸಿದವರ ಹೆಸರು ಪುಸ್ತಕಕ್ಕೆ ಸೇರುತ್ತದೆ. ಕಲ್ಪಿಸಿದ್ದನ್ನು ಬಿಚ್ಚಿ, ಕಟ್ಟಿ, ಹಡಗಿಗೇರಿಸಿ, ಪರದೇಶದಲ್ಲಿ ಮತ್ತೆ ಜೋಡಿಸಿ ನಡೆಸಿದವರ ಹೆಸರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಂಥವರ ಒಂದು ಚಿಕ್ಕ ತಂಡದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಈ ಕಥೆ ನಡೆದದ್ದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಇನ್ನೂರು ವರ್ಷಗಳಿಗೂ ಹಿಂದೆ.

ಪೆರು ಆಗ ಸ್ಪೇನಿನ ಅಧೀನದಲ್ಲಿತ್ತು. ಲಿಮಾ ಅದರ ರಾಜಧಾನಿ. ಅಲ್ಲಿಂದ ಒಳನಾಡಿಗೆ ನೂರೈವತ್ತು ಮೈಲಿಗೂ ಮಿಕ್ಕ ದೂರದಲ್ಲಿ, ಆಂಡೀಸ್ ಪರ್ವತಗಳ ನಡುವೆ, ಸೆರ್ರೊ ದ ಪಾಸ್ಕೊ ಎಂಬ ಊರಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 14,000 ಅಡಿ. ನಮ್ಮ ಮುಳ್ಳಯ್ಯನಗಿರಿಯಂಥ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಆ ಊರಿನ ಹೊಸಲಿಗೆ ಎಟುಕುವುದಿಲ್ಲ. ಮರವಿಲ್ಲದ, ಕೊರೆಯುವ ಚಳಿಯ ಊರು. ಅಲ್ಲಿ ಜನ ನೆಲೆಸಿದ್ದಕ್ಕೆ ಕಾರಣ ಒಂದೇ: ನೆಲದೊಳಗಿನ ಬೆಳ್ಳಿ. ಮೇಲಿನ ಅದಿರನ್ನು ಅಗೆದು ಮುಗಿಸಿ ಕೆಳಕೆಳಗೆ ಇಳಿದಂತೆ ಗಣಿಯಲ್ಲಿ ನೀರು ಬಂದಿತು. ಮನುಷ್ಯರ ಕೈಯಿಂದ, ಚರ್ಮದ ಚೀಲಗಳಿಂದ ಎಷ್ಟು ನೀರೆತ್ತಲಾದೀತು? ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಒಳ್ಳೆಯ ಅದಿರೆಲ್ಲ ನೀರಿನ ಕೆಳಗಿತ್ತು, ಅದರ ಒಡೆಯರು ದಡದಲ್ಲಿ ಕುಳಿತಿದ್ದರು.

ಲಿಮಾದಲ್ಲಿ ಫ್ರಾನ್ಸಿಸ್ಕೊ ಉವಿಲ್ಲೆ ಎಂಬ ಸ್ವಿಸ್ ಮೂಲದ ಗೃಹಸ್ಥನಿದ್ದ. ಇಂಗ್ಲೆಂಡಿನಲ್ಲಿ ಗಣಿಗಳ ನೀರನ್ನು ಉಗಿಯಂತ್ರದಿಂದ ಎತ್ತುತ್ತಾರೆಂದು ಕೇಳಿದ್ದ ಆತ 1811ರಲ್ಲಿ ಅಲ್ಲಿಗೆ ಹೋಗಿ ಪ್ರಖ್ಯಾತರಾದ ಬೌಲ್ಟನ್ ಮತ್ತು ವಾಟ್ ಕಂಪನಿಯವರನ್ನು ವಿಚಾರಿಸಿದ. ಅವರ ಉತ್ತರ ನಿರಾಶಾದಾಯಕವಾಗಿತ್ತು. ಅಷ್ಟು ಭಾರದ ಯಂತ್ರವನ್ನು ಗಾಡಿ ರಸ್ತೆಯೂ ಇಲ್ಲದ ಪರ್ವತದ ಮೇಲೆ ಸಾಗಿಸಲಾಗದು. ಸಾಗಿಸಿದರೂ ಅಷ್ಟು ಎತ್ತರದಲ್ಲಿ ಅದು ಸರಿಯಾಗಿ ನಡೆಯದು.

ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾಟನ ಯಂತ್ರದಲ್ಲಿ ಉಗಿಯ ಒತ್ತಡ ಬಹಳ ಕಡಿಮೆ. ಉಗಿಯನ್ನು ತಣ್ಣೀರಿನಿಂದ ಕುಗ್ಗಿಸಿ ಪಿಸ್ಟನ್ನಿನ ಒಂದು ಬದಿಯಲ್ಲಿ ಬರಿದನ್ನು ಉಂಟುಮಾಡುವುದರಿಂದಲೇ ಅದಕ್ಕೆ ಬಹುಪಾಲು ಬಲ ದೊರಕುತ್ತಿತ್ತು. ಎಂದರೆ, ನಮ್ಮನ್ನೆಲ್ಲ ಸುತ್ತಲೂ ಒತ್ತುತ್ತಿರುವ ವಾಯುಮಂಡಲದ ಭಾರವೇ ಅದರ ಬಂಡವಾಳ. ಪಾಸ್ಕೊದಂಥ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಅಲ್ಲಿ ಬೇಳೆ ಬೇಯಿಸುವುದೇ ಕಷ್ಟ, ನೀರು ಪೂರಾ ಬಿಸಿಯಾಗುವ ಮೊದಲೇ ಕುದಿದುಬಿಡುತ್ತದೆ. ಬಂಡವಾಳವೇ ಕರಗಿದ ಮೇಲೆ ವ್ಯಾಪಾರ ನಡೆಯುವುದು ಹೇಗೆ? ಕಂಪನಿಯವರು ಹೇಳಿದ್ದು ತಮ್ಮ ಯಂತ್ರದ ಮಟ್ಟಿಗೆ ನಿಜವೇ ಆಗಿತ್ತು.

ಮನಸ್ಸು ಮುರಿದುಕೊಂಡು ಲಂಡನ್ನಿನ ಬೀದಿಯಲ್ಲಿ ನಡೆಯುತ್ತಿದ್ದ ಉವಿಲ್ಲೆಗೆ ಒಂದು ಅಂಗಡಿಯಲ್ಲಿ ಬೇರೊಂದು ಬಗೆಯ ಉಗಿಯಂತ್ರದ ಮಾದರಿ ಕಂಡಿತು. ಅದನ್ನು 20 ಗಿನಿ ಕೊಟ್ಟು ಕೊಂಡ. ಲಿಮಾಕ್ಕೆ ಒಯ್ದು, ಅಲ್ಲಿಂದ ಪಾಸ್ಕೊದ ನೆತ್ತಿಗೆ ಹೊತ್ತು, ಬೆಂಕಿ ಹಚ್ಚಿ ನೋಡಿದ. ಆಟಿಕೆಯಂಥ ಆ ಯಂತ್ರ ಓಡಿತು. ಅದು ಗಾಳಿಯ ಹಂಗಿಲ್ಲದ ಯಂತ್ರ. ಬಾಯ್ಲರಿನಲ್ಲಿ ಬಿಗಿಹಿಡಿದ ಉಗಿ ತನ್ನ ಸ್ವಂತ ಬಲದಿಂದಲೇ ಪಿಸ್ಟನ್ನನ್ನು ನೂಕುತ್ತಿತ್ತು. ಅದನ್ನು ಕಲ್ಪಿಸಿದವನು ಇಂಗ್ಲೆಂಡಿನ ನೈಋತ್ಯ ಮೂಲೆಯಾದ ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕ್. 1804ರ ಫೆಬ್ರವರಿಯಲ್ಲಿ, ಸ್ಟೀಫನ್ಸನ್ನನ ಹೆಸರು ಯಾರಿಗೂ ತಿಳಿಯುವ ಮುನ್ನ, ವೇಲ್ಸಿನ ಪೆನಿಡಾರೆನ್ ಎಂಬಲ್ಲಿ ಕಬ್ಬಿಣದ ಹಳಿಗಳ ಮೇಲೆ ಉಗಿಬಂಡಿಯನ್ನು ಓಡಿಸಿದವನೇ ಈತ.

1813ರಲ್ಲಿ ಉವಿಲ್ಲೆ ಮತ್ತೆ ಇಂಗ್ಲೆಂಡಿಗೆ ಹೊರಟ. ಆ ಅಂಗಡಿಯ ಮಾದರಿಯ ಕರ್ತೃವನ್ನು ಎಲ್ಲಿ ಹುಡುಕುವುದೆಂದು ಹಡಗಿನಲ್ಲಿ ಸಹಪ್ರಯಾಣಿಕರ ಮುಂದೆ ಹೇಳಿಕೊಂಡಾಗ, ಅವರಲ್ಲೊಬ್ಬ, ‘ಟ್ರೆವಿಥಿಕ್ಕನೇ? ಆತ ನನ್ನ ಬಂಧು. ಹಡಗು ಇಳಿದ ಕೆಲವು ಗಂಟೆಗಳಲ್ಲೇ ಭೇಟಿ ಮಾಡಿಸುತ್ತೇನೆ’ ಎಂಬರ್ಥದ ಮಾತಾಡಿದನಂತೆ. ಕಾದಂಬರಿಯಲ್ಲಿ ಬಂದಿದ್ದರೆ ನಾವು ಇದನ್ನು ಒಪ್ಪುತ್ತಿರಲಿಲ್ಲ. ಚರಿತ್ರೆಗೆ ಅಂಥ ಸಂಕೋಚವಿಲ್ಲ.

ಈಗ ಕೆಲಸ ಮೊದಲಾಯಿತು. ಒಂಬತ್ತು ಯಂತ್ರಗಳಿಗೆ ಅಪ್ಪಣೆಯಾಯಿತು. ನೀರೆತ್ತುವುದಕ್ಕೆ ನಾಲ್ಕು, ಅದಿರನ್ನು ಮೇಲಕ್ಕೆ ಸೇದುವುದಕ್ಕೆ ನಾಲ್ಕು, ಲೋಹವನ್ನು ತಗಡು ಮಾಡುವ ಉರುಳೆಗಳನ್ನು ನಡೆಸಲು ಒಂದು. ಯಂತ್ರದ ನಕ್ಷೆ ಬರೆಯುವವನು ಸಾಮಾನ್ಯವಾಗಿ ಅದು ಎಷ್ಟು ನೀರೆತ್ತಬೇಕು, ಎಷ್ಟು ಕಲ್ಲಿದ್ದಲು ತಿನ್ನಬಹುದು ಎಂದು ಯೋಚಿಸುತ್ತಾನೆ. ಟ್ರೆವಿಥಿಕ್ ಇವೆಲ್ಲದರ ಜೊತೆಗೆ ಮತ್ತೊಂದು ಪ್ರಾಣಿಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿತ್ತು. ಅದು ಹೇಸರಗತ್ತೆ. ಪರ್ವತದ ದಾರಿಯಲ್ಲಿ ಯಂತ್ರವನ್ನು ಹೊರುವುದು ಅದೇ. ಆದುದರಿಂದ ಇಡೀ ಯಂತ್ರವನ್ನು ಹೇಸರಗತ್ತೆ ಹೊರಬಲ್ಲ ತುಂಡುಗಳಾಗಿಯೇ ಕಲ್ಪಿಸಬೇಕು. ಮೊದಲು ದೊಡ್ಡದಾಗಿ ಮಾಡಿ ಆಮೇಲೆ ಒಡೆಯುವುದಲ್ಲ; ಒಡೆದಿರುವಂತೆಯೇ ಹುಟ್ಟಿಸಬೇಕು.

ಇಲ್ಲಿ ಬಲವಾದ ಉಗಿಯ ಇನ್ನೊಂದು ಗುಣ ಒದಗಿ ಬಂದಿತು. ಹಳೆಯ ಯಂತ್ರಗಳಲ್ಲಿ ಸಿಲಿಂಡರಿನ ಬಾಯಿ 60 ಅಂಗುಲಕ್ಕೂ ಮಿಕ್ಕಿ ಇರುತ್ತಿದ್ದುದುಂಟು. ಒಬ್ಬ ಆಳು ಒಳಗೆ ನಿಂತು ಕೈಚಾಚಬಹುದು. ಉಗಿಯ ಒತ್ತಡ ಹೆಚ್ಚಿದರೆ ಅಷ್ಟೇ ಕೆಲಸಕ್ಕೆ ಬಹು ಚಿಕ್ಕ ಸಿಲಿಂಡರು ಸಾಕು. ಉಗಿಯನ್ನು ತಣಿಸುವ ತೊಟ್ಟಿ, ಅದರ ಪಂಪು ಇವೂ ಬೇಕಿಲ್ಲ. ಬಾಯ್ಲರು ಮಾತ್ರ ಚಿಕ್ಕದಾಗದು. ಅದನ್ನು ಕಬ್ಬಿಣದ ತಗಡುಗಳಾಗಿಯೇ ಕಳುಹಿಸುವುದು, ಬೆಟ್ಟದ ಮೇಲೆ ರಿವೆಟ್ಟು ಹೊಡೆದು ಕೂಡಿಸುವುದು ಎಂದು ಗೊತ್ತಾಯಿತು. ಹೆಚ್ಚುವರಿ ಬಾಯ್ಲರುಗಳನ್ನೂ ಸಾಮಾನಿಗೆ ಸೇರಿಸಿದರು.

ಸಾಗಿಸುವವರ ಕಷ್ಟವನ್ನು ಇಂದು ನಾವು ಊಹಿಸಿಕೊಳ್ಳುವುದು ಸುಲಭವಲ್ಲ. ಇಂದು ಒಂದು ಅಳತೆಯ ನಟ್ಟು ಕೇಳಿದರೆ ಯಾವ ಅಂಗಡಿಯಲ್ಲಾದರೂ ಸಿಕ್ಕುತ್ತದೆ, ಯಾವ ಬೋಲ್ಟಿಗಾದರೂ ಕೂಡುತ್ತದೆ. ಇಂಗ್ಲೆಂಡಿನಲ್ಲಿ ಮರೆಗಳಿಗೆ ಒಂದೇ ಅಳತೆ ಇರಬೇಕೆಂದು ವಿಟ್‌ವರ್ತ್ ಎಂಬ ಎಂಜಿನಿಯರು ಸೂಚಿಸಿದ್ದೇ 1841ರಲ್ಲಿ. ಅದಕ್ಕೆ ಮೊದಲು ಒಂದೊಂದು ಬೋಲ್ಟಿಗೂ ಅದರದೇ ನಟ್ಟು. ಜೋಡಿ ತಪ್ಪಿದರೆ ಎರಡೂ ಬರಿಯ ಕಬ್ಬಿಣ. ಕಾರ್ಖಾನೆಗಳೂ ಒಂದಲ್ಲ. ಬ್ರಿಡ್ಜ್‌ನಾರ್ತಿನ ಎರಕದ ಸಾಲೆಯಿಂದ ಕೆಲವು ಭಾಗ, ಬೇರೆ ಕಡೆಗಳಿಂದ ಕೆಲವು. ಯಾವುದು ಯಾವುದಕ್ಕೆ ಕೂಡುತ್ತದೆಂದು ಗುರುತು ಕೊರೆಯಬೇಕು, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಕೊಬ್ಬು ಸವರಬೇಕು, ಪಟ್ಟಿಯಲ್ಲಿ ಬರೆಯಬೇಕು. ಒಂದು ತುಂಡು ಮರೆತುಹೋದರೆ? ಪೆರುವಿನಿಂದ ಕಾಗದ ಇಂಗ್ಲೆಂಡಿಗೆ ಬರಲು ತಿಂಗಳುಗಟ್ಟಲೆ, ಸಾಮಾನು ಹಿಂದಕ್ಕೆ ಹೋಗಲು ಮತ್ತಷ್ಟು ತಿಂಗಳು. ನಮ್ಮೂರಿನ ಸಾಹುಕಾರರ ಎರಡು ಬೋಲ್ಟುಗಳಿಗೆ ಪಕ್ಕದ ಬೀದಿಯಲ್ಲೇ ಕುಲುಮೆಯಿತ್ತು.

ಆದುದರಿಂದ ಸಾಮಾನಿನ ಜೊತೆಗೆ ಮನುಷ್ಯರೂ ಹೋಗಬೇಕಾಯಿತು. ಹೆನ್ರಿ ವಿವಿಯನ್, ವಿಲಿಯಂ ಬುಲ್, ಥಾಮಸ್ ಟ್ರೆವಾರ್ಥನ್ ಈ ಮೂವರು ಹೊರಟರು. ಯಂತ್ರಗಳನ್ನು ಇಳಿಸಿಕೊಂಡು, ಜೋಡಿಸಿ, ನಡೆಸಿ ತೋರಿಸುವುದು ಅವರ ಹೊಣೆ. ಆಳವಾದ ತವರದ ಗಣಿಗಳಲ್ಲಿ ನೀರಿನೊಡನೆ ಹೋರಾಡುತ್ತಲೇ ಬೆಳೆದ ಕಾರ್ನ್‌ವಾಲಿನ ಗಣಿಗಾರರ ಕುಲ ನಮಗೆ ಅಪರಿಚಿತವಲ್ಲ. ಭೂಮಿಯಲ್ಲಿ ಎಲ್ಲಿ ಹಳ್ಳ ತೋಡಿದ್ದರೂ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲಿನವನು ಇರುತ್ತಾನೆಂದು ಅವರಲ್ಲೇ ಒಂದು ಮಾತಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ನಮ್ಮ ಕೋಲಾರದ ಚಿನ್ನದ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಅದೇ ಕಾರ್ನ್‌ವಾಲಿನ ಜನ ಮೈಸೂರು ಸೀಮೆಗೂ ಬಂದರು. ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ದಾರಿಯಾದದ್ದು 1894ರಲ್ಲಿ. ಅದಕ್ಕೆ ಮೊದಲು ಇಲ್ಲಿಯೂ ಯಂತ್ರದ ಕೊನೆಯ ಪಯಣ ರಸ್ತೆಯ ಮೇಲೆಯೇ. 1902ರಲ್ಲಿ ಅದೇ ಗಣಿಗೆ ವಿದ್ಯುತ್ತು ಕಳುಹಿಸಿದ ಶಿವನಸಮುದ್ರದ ಯಂತ್ರಗಳು ಸ್ವಿಟ್ಜರ್ಲೆಂಡು ಮತ್ತು ಅಮೆರಿಕಗಳಿಂದ ಬಂದು, ಆನೆಗಳ ಬಲದಿಂದ, ಗಾಡಿಗಳಲ್ಲಿ ಹೊಳೆಯ ದಂಡೆಗೆ ಸೇರಿದುವು. ಆನೆಗಿಂತ ಹೇಸರಗತ್ತೆ ಚಿಕ್ಕದು; ಪೆರುವಿನವರ ಕಷ್ಟ ಅಷ್ಟಕ್ಕಷ್ಟು ದೊಡ್ಡದು.

1814ರ ಸೆಪ್ಟೆಂಬರ್ 1ರಂದು ‘ವೈಲ್ಡ್‌ಮನ್’ ಎಂಬ ತಿಮಿಂಗಿಲ ಬೇಟೆಯ ಹಡಗು ಪೋರ್ಟ್ಸ್‌ಮತ್ ಬಂದರಿನಿಂದ ಹೊರಟಿತು. ಅದರ ಒಡಲಲ್ಲಿ 16,000 ಪೌಂಡಿಗೂ ಮಿಕ್ಕ ಬೆಲೆಯ ಯಂತ್ರಸಾಮಗ್ರಿ. ಉವಿಲ್ಲೆಯೂ ಮೂವರು ಕೆಲಸಗಾರರೂ ಅದರಲ್ಲಿಯೇ ಇದ್ದರು. ಪನಾಮಾ ಕಾಲುವೆ ತೆರೆಯುವುದಕ್ಕೆ ಇನ್ನೂ ಸರಿಯಾಗಿ ನೂರು ವರ್ಷ ಬೇಕಾಗಿತ್ತು. ದಕ್ಷಿಣ ಅಮೆರಿಕದ ತುದಿಯಾದ ಹಾರ್ನ್ ಭೂಶಿರವನ್ನು ಬಳಸಿಯೇ ಹೋಗಬೇಕು. 1815ರ ಆದಿಯಲ್ಲಿ ಹಡಗು ಲಿಮಾದ ಬಂದರಾದ ಕಯ್ಯಾವೊ ಮುಟ್ಟಿತು.

ಅರ್ಧ ಭೂಮಂಡಲವನ್ನು ಐದು ತಿಂಗಳೊಳಗೆ ದಾಟಿ ಬಂದ ಆ ಕಬ್ಬಿಣಕ್ಕೆ ಮುಂದಿನ ನೂರೈವತ್ತು ಚಿಲ್ಲರೆ ಮೈಲಿ ಹತ್ತಿ, ಮೇಲೆ ಹೋಗಿ, ಒಂದು ಯಂತ್ರವಾಗಿ ನಡೆಯಲು ಸುಮಾರು ಒಂದೂವರೆ ವರ್ಷ ಹಿಡಿಯಿತು. ಸಮುದ್ರತೀರದ ಮರಳುಗಾಡು ಮುಗಿದೊಡನೆ ಬೆಟ್ಟ ಏಳುತ್ತದೆ. ದಾರಿ ಎಂದರೆ ಬಂಡೆಯ ಪಕ್ಕೆಯಲ್ಲಿ ಒಂದು ಪಶು ನಡೆಯುವಷ್ಟು ಅಗಲದ ಗೀರು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಕಣಿವೆಯ ದಾರಿಗಳು ಹದಿನೈದು ಸಾವಿರ ಅಡಿಗಳಿಗೂ ಮೇಲೆ ಏರುತ್ತವೆ. ಅಲ್ಲಿ ಹೊಸಬರಿಗೆ ತಲೆ ಸಿಡಿಯುತ್ತದೆ, ಉಸಿರು ಕಟ್ಟುತ್ತದೆ; ಆ ನಾಡಿನಲ್ಲಿ ಇದಕ್ಕೆ ಸೊರೋಚೆ ಎನ್ನುತ್ತಾರೆ. ಮುಗ್ಗರಿಸಿದ ಹೇಸರಗತ್ತೆಯೊಡನೆ ಕಣಿವೆಗೆ ಉರುಳಿದ್ದು ಬರಿಯ ಒಂದು ಹೊರೆಯಲ್ಲ. ಅದು ಯಾವುದೋ ಯಂತ್ರದ ಒಂದು ಅಂಗ, ಅದಿಲ್ಲದೆ ಉಳಿದ ಅಂಗಗಳು ನಿಷ್ಪ್ರಯೋಜಕ. ಈ ಲೆಕ್ಕವೆಲ್ಲ ಪ್ರತಿ ತಿರುವಿನಲ್ಲಿಯೂ ಆ ಮೂವರ ಮನಸ್ಸಿನಲ್ಲಿ ಇದ್ದಿರಲೇಬೇಕು.

ಹೇಸರಗತ್ತೆಗಳನ್ನು ನಡೆಸಿದವರು, ಹೊರೆ ಇಳಿಸಿ ಏರಿಸಿದವರು ಆ ನಾಡಿನ ಜನ. ಯಂತ್ರಗಳ ಬೆಲೆ ಪೌಂಡು ಶಿಲಿಂಗುಗಳ ತನಕ ದಾಖಲೆಯಲ್ಲಿದೆ; ಈ ಜನರಲ್ಲಿ ಒಬ್ಬನ ಹೆಸರೂ ಈ ಕಥೆಯೊಡನೆ ಉಳಿದು ಬಂದಿಲ್ಲ. ಎಲ್ಲ ದೇಶಗಳ ಲೆಕ್ಕದ ಪುಸ್ತಕಗಳೂ ಈ ವಿಷಯದಲ್ಲಿ ಒಂದೇ ಜಾತಿ ಎಂದು ತೋರುತ್ತದೆ.

ಬೆಟ್ಟದ ಮೇಲೆ ಜೋಡಣೆ ಆರಂಭವಾಯಿತು. ಕಲ್ಲಿನ ಅಡಿಪಾಯ ಕಟ್ಟಿಸಬೇಕು, ಅದು ಮಟ್ಟವಾಗಿರಬೇಕು. ತಗಡುಗಳನ್ನು ಬಾಗಿಸಿ ಒಂದರ ಮೇಲೊಂದು ಅಂಚು ಕೂಡಿಸಿ, ಕಾಸಿದ ರಿವೆಟ್ಟುಗಳನ್ನು ತೂತುಗಳಲ್ಲಿ ಇಳಿಸಿ ಎರಡೂ ಕಡೆಯಿಂದ ಬಡಿಯಬೇಕು. ರಿವೆಟ್ಟು ತಣಿದು ಕುಗ್ಗುವಾಗ ತಗಡುಗಳನ್ನು ತಾನೇ ಬಿಗಿದೆಳೆಯುತ್ತದೆ. ಬಲವಾದ ಉಗಿಯನ್ನು ಹಿಡಿದಿಡಬೇಕಾದ ಬಾಯ್ಲರಿನಲ್ಲಿ ಒಂದು ರಿವೆಟ್ಟು ಸಡಿಲವಾದರೂ ಅಪಾಯ. ಕಾರ್ಖಾನೆಯೊಳಗೆ ಗಟ್ಟಿಮುಟ್ಟಾದ ಆಳು ದಣಿಯುವ ಈ ಕೆಲಸವನ್ನು, ಹತ್ತು ಹೆಜ್ಜೆ ಏರಿದರೆ ಉಬ್ಬುಸ ಬರುವ ಗಾಳಿಯಲ್ಲಿ ಮಾಡಿದರು. ಅಷ್ಟರಲ್ಲಿ ಯಜಮಾನನಿಗೂ ಕೆಲಸಗಾರರಿಗೂ ಮನಸ್ತಾಪಗಳೂ ಹುಟ್ಟಿದ್ದುವು. ಆಶ್ಚರ್ಯವಿಲ್ಲ. ಹಣ ಹೂಡಿದವನಿಗೆ ದಿನ ಎಣಿಕೆ, ಜೋಡಿಸುವವನಿಗೆ ರಿವೆಟ್ಟಿನ ಎಣಿಕೆ.

1816ರ ಜುಲೈ ಕೊನೆಯಲ್ಲಿ ಸಾಂತಾ ರೋಸಾ ಗಣಿಯಲ್ಲಿ ಮೊದಲ ಯಂತ್ರ ನಡೆಯಿತು. ನೋಡನೋಡುತ್ತಿದ್ದಂತೆ ನೀರು ಇಳಿಯತೊಡಗಿತು. ಆ ಪರ್ವತ ರಾಜ್ಯದಲ್ಲಿ ಉಗಿಯಿಂದ ನಡೆಯುವ ಯಂತ್ರವನ್ನು ಕಂಡವರೇ ಇರಲಿಲ್ಲ. ಲಿಮಾದ ಪತ್ರಿಕೆ ಅದನ್ನು ಹೊಗಳಿ ಬರೆಯಿತು. ಆಗದೆಂದು ಇಂಗ್ಲೆಂಡಿನ ದೊಡ್ಡ ಕಂಪನಿ ಕೈಚೆಲ್ಲಿದ್ದ ಕೆಲಸ ಆಗಿತ್ತು.

ಆದರೆ ಉಳಿದ ಯಂತ್ರಗಳ ಜೋಡಣೆ ತೆವಳುತ್ತಿತ್ತು. ತಾನೇ ಹೋಗದೆ ಗತ್ಯಂತರವಿಲ್ಲವೆಂದು ಟ್ರೆವಿಥಿಕ್ 1816ರ ಅಕ್ಟೋಬರ್ 20ರಂದು ಪೆನ್‌ಜಾನ್ಸ್ ಬಂದರಿನಿಂದ ‘ಆಸ್ಪ್’ ಎಂಬ ಹಡಗಿನಲ್ಲಿ ಹೊರಟ. ಊರಿನಲ್ಲಿ ಹೆಂಡತಿ ಜೇನ್, ಚಿಕ್ಕ ಚಿಕ್ಕ ಮಕ್ಕಳು. ಬೇಗ ಬರುವೆನೆಂದೇ ಹೇಳಿ ಹೋಗಿರಬೇಕು. ಹಾಗೆ ಹೇಳದೆ ಯಾರು ಹೋಗುತ್ತಾರೆ? ಲಿಮಾದಲ್ಲಿ ಅವನಿಗೆ ರಾಜಮರ್ಯಾದೆ ದೊರಕಿತು. ಅವನ ಬೆಳ್ಳಿಯ ಪ್ರತಿಮೆಯನ್ನೇ ನಿಲ್ಲಿಸಬೇಕೆಂಬ ಮಾತು ಕೂಡ ಎದ್ದಿತಂತೆ. ಪ್ರತಿಮೆ ಏಳಲಿಲ್ಲ. ಉವಿಲ್ಲೆಗೂ ಅವನಿಗೂ ಹೊಂದಿಕೆಯಾಗಲಿಲ್ಲ. ಹೆನ್ರಿ ವಿವಿಯನ್ ಪೆರುವಿನಲ್ಲೇ ಕಣ್ಣು ಮುಚ್ಚಿದ. 1818ರಲ್ಲಿ ಉವಿಲ್ಲೆಯೂ ತೀರಿಕೊಂಡ. ಆಮೇಲೆ ಕೆಲಸದ ಭಾರವೆಲ್ಲ ಟ್ರೆವಿಥಿಕ್ಕನ ಮೇಲೆ ಬಿದ್ದಿತು. ಯಂತ್ರಗಳು ಒಂದೊಂದಾಗಿ ನಡೆಯುತ್ತ ಗಣಿಗಳು ಚೇತರಿಸಿಕೊಳ್ಳುವ ಹಾಗಿದ್ದುವು.

ಅಷ್ಟರಲ್ಲಿ ಪೆರುವಿನ ಸ್ವಾತಂತ್ರ್ಯ ಯುದ್ಧ ಬೆಟ್ಟಕ್ಕೆ ಏರಿ ಬಂದಿತು. 1820ರ ಡಿಸೆಂಬರ್ 6ರಂದು ಪಾಸ್ಕೊದ ಊರಂಚಿನಲ್ಲೇ ಸ್ಪೇನಿನ ಪಡೆಗೂ ದೇಶಭಕ್ತರ ಪಡೆಗೂ ಕಾಳಗ ನಡೆದು ದೇಶಭಕ್ತರು ಗೆದ್ದರು. ಆ ಯುದ್ಧದ ಗಲಭೆಯಲ್ಲಿ ಯಂತ್ರಗಳನ್ನು ಒಡೆದು ಹಾಕಿದರು, ಭಾಗಗಳನ್ನು ಗಣಿಯ ಬಾವಿಗಳಿಗೆ ನೂಕಿದರು. ಒಂದೂವರೆ ವರ್ಷ ಹೊತ್ತು ಏರಿಸಿದ್ದನ್ನು ಕೆಡಹಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ನಾವು ಆ ನಾಡಿನವರ ಹೋರಾಟವನ್ನು ತಪ್ಪೆನ್ನಲಾರೆವು. ಆದರೂ ಆ ಬಾಯ್ಲರುಗಳನ್ನು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಟ್ರೆವಿಥಿಕ್ ಪೆರುವನ್ನು ಬಿಟ್ಟು ಕೋಸ್ಟರಿಕದ ಗಣಿಗಳತ್ತ ಹೋದ, ಅಲ್ಲಿಂದ ಕಾಡು ಕಣಿವೆಗಳನ್ನು ದಾಟಿ ಕಾರ್ಟಜೀನಾ ಬಂದರಿಗೆ ಬರಿಗೈಯಲ್ಲಿ ಬಂದು ಬಿದ್ದ. 1827ರಲ್ಲಿ ಅಲ್ಲಿ ಅವನಿಗೆ ಎದುರಾದವನು ಜಾರ್ಜ್ ಸ್ಟೀಫನ್ಸನ್ನನ ಮಗ ರಾಬರ್ಟ್. ಊರಿಗೆ ಹಿಂದಿರುಗಲೆಂದು ಆ ಯುವಕ 50 ಪೌಂಡು ಕೊಟ್ಟ. ಉಗಿಬಂಡಿಯನ್ನು ಮೊದಲು ಹಳಿಗೇರಿಸಿದವನಿಗೆ, ಅದೇ ಉಗಿಬಂಡಿಯಿಂದ ಹೆಸರಾಗಲಿದ್ದ ಮನೆತನ ಕೊಟ್ಟ ದಾರಿಯ ಖರ್ಚು. ಹನ್ನೊಂದು ವರ್ಷಗಳ ಮೇಲೆ ಕಾರ್ನ್‌ವಾಲಿನ ನೆಲದ ಮೇಲೆ ಕಾಲಿಟ್ಟಾಗ ಅವನ ಬಳಿ ಇದ್ದ ಆಸ್ತಿ: ಒಂದು ಚಿನ್ನದ ಗಡಿಯಾರ, ನಕ್ಷೆ ಬರೆಯುವ ಕೈವಾರ, ದಿಕ್ಸೂಚಿ, ಒಂದು ಜೊತೆ ಬೆಳ್ಳಿಯ ಕುದುರೆ ಮುಳ್ಳು. ಪಾಸ್ಕೊದ ಬೆಳ್ಳಿಯಿಂದ ಅವನ ಮನೆಗೆ ಸೇರಿದ್ದು ಅಷ್ಟೇ ಎಂದರೂ ತಪ್ಪಾಗದೇನೋ.

1833ರ ಏಪ್ರಿಲ್ 22ರಂದು ಲಂಡನ್ನಿಗೆ ಸಮೀಪದ ಡಾರ್ಟ್‌ಫರ್ಡ್ ಎಂಬ ಊರಿನ ಒಂದು ವಸತಿಗೃಹದಲ್ಲಿ ಅವನು ತೀರಿಕೊಂಡ. ಆ ಊರಿನ ಯಂತ್ರದ ಕಾರ್ಖಾನೆಯೊಂದರಲ್ಲಿ ಅವನು ಕೊನೆಗಾಲದಲ್ಲಿ ಕೆಲಸ ಮಾಡುತ್ತಿದ್ದ. ಕೈಯಲ್ಲಿ ಹಣವಿರಲಿಲ್ಲ, ಹತ್ತಿರ ನೆಂಟರಿರಲಿಲ್ಲ. ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲಿ ಹಣ ಕೂಡಿಸಿ, ತಾವೇ ಹೆಗಲು ಕೊಟ್ಟು ಅವನನ್ನು ಹೊತ್ತುಕೊಂಡು ಹೋದರು.